ಟ್ಯಾಂಕ್ ಬಂಡಿನಲ್ಲಿ ದೀಪ ಹತ್ತುವ ಹೊತ್ತು

ಹುಮನಾಬಾದಿನ ನನ್ನ ಮನೆಯ ಮಾಳಿಗೆಯಿಂದ ಹೆದ್ದಾರಿ ಕಾಣುತ್ತದೆ. ಸಂಜೆಯಾದರೆ ಹೈದರಾಬಾದಿನ ಕಡೆ ಹೋಗುವ ಬಸ್ಸುಗಳು ಒಂದರ ಹಿಂದೊಂದು ಲೈಟು ಹಾಕಿಕೊಂಡು ಹೊರಡುತ್ತವೆ. ಒಳಗೆ ಕೂತವರು ಯಾರೆಂದು ನನಗೆ ಗೊತ್ತಿಲ್ಲ, ಆದರೂ ಅವರ ಮೇಲೆ ನನಗೊಂದು ಸಣ್ಣ ಜೆಲಸಿ. ಅವರಲ್ಲಿ ಯಾರೋ ಒಬ್ಬರು ನಾಳೆ ಸಂಜೆ ಟ್ಯಾಂಕ್ ಬಂಡಿನ ಮೇಲೆ, ಹುಸೇನಸಾಗರ ಕೆರೆಯ ಏರಿಯ ಮೇಲೆ, ಶೇಂಗಾ ತಿನ್ನುತ್ತ ಕೂತಿರಬಹುದು. ಕೆರೆಯ ಆಚೆ ದಂಡೆಯಲ್ಲಿ ದೀಪ ಹತ್ತುವುದನ್ನು ನೋಡಬಹುದು, ಮೊಬೈಲಿನಿಂದ ಕಣ್ಣೆತ್ತಿದರೆ.

ನನಗೆ ಎಪ್ಪತ್ತಾರು ತುಂಬಿತು. ದೀಪ ಹತ್ತಿದ ಮೇಲಿನ ಹೈದರಾಬಾದನ್ನು ಬಸ್ಸಿನ ಕಿಟಕಿಯಿಂದ ಬೇಕಾದಷ್ಟು ನೋಡಿದ್ದೇನೆ. ನಾನು ನೋಡಬೇಕೆಂದದ್ದು ಹತ್ತುವ ಆ ಗಳಿಗೆ, ಅಷ್ಟೇ.

ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ, ಬೋರ್ಡಿಂಗ್. ಹೆಣ್ಣುಹುಡುಗಿಯನ್ನು ಅಷ್ಟು ದೂರ ಯಾಕೆ ಕಳಿಸುತ್ತೀರಿ ಎಂದು ಓಣಿಯೆಲ್ಲ ಕೇಳಿದಾಗ ನನ್ನಪ್ಪ, "ಇಂಗ್ಲಿಷ್ ಕಲೀಲಿ ಬಿಡ್ರಿ" ಎಂದಷ್ಟೇ ಹೇಳಿದ್ದರಂತೆ. ಇಂಗ್ಲಿಷ್ ಕಲಿತೆ. ಅದರ ಜೊತೆಗೆ ಮೊಣಕೈ ಊರದೆ ಉಣ್ಣುವುದು, ಸೀನಿದರೆ ಎಕ್ಸ್‌ಕ್ಯೂಸ್ ಮಿ ಅನ್ನುವುದು, ಲೋಟಕ್ಕೆ ತುಟಿ ಹಚ್ಚಿ ನೀರು ಕುಡಿಯುವುದು, ಇವನ್ನೂ ಕಲಿತೆ. ನಮ್ಮ ಕಡೆ ತಂಬಿಗೆ ಎತ್ತಿ ಮೇಲಿನಿಂದ ಗಟಗಟ ಸುರುವಿಕೊಳ್ಳುವುದು ರೂಢಿ. ಮೊದಲ ದಿನ ಡೈನಿಂಗ್ ಹಾಲಿನಲ್ಲಿ ನಾನು ಹಾಗೆ ಕುಡಿದಾಗ ಒಬ್ಬ ಸಿಸ್ಟರ್, "ನಾಟ್ ಲೈಕ್ ಎ ಡ್ರೇನ್‌ಪೈಪ್, ಚೈಲ್ಡ್" ಎಂದರು. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಅಂದಿನಿಂದ ಇಂದಿನವರೆಗೆ ನಾನು ತುಟಿ ಹಚ್ಚಿಯೇ ಕುಡಿಯುವವಳು.

ರವಿವಾರ ಸಂಜೆ ಬೋರ್ಡರ್ಸ್‌ಗೆ ವಾಕ್. ಬಿಳಿ ಫ್ರಾಕು, ಬಿಳಿ ಸಾಕ್ಸು, ಇಬ್ಬಿಬ್ಬರು ಕೈಹಿಡಿದ ಉದ್ದನೆಯ ಸಾಲು, ಮುಂದೊಬ್ಬ ಸಿಸ್ಟರ್, ಹಿಂದೊಬ್ಬ ಸಿಸ್ಟರ್. ಟ್ಯಾಂಕ್ ಬಂಡಿನ ಮೇಲೆ ಅರ್ಧದವರೆಗೆ ಹೋಗಿ ಬರುವುದು. ನಿಲ್ಲುವಂತಿಲ್ಲ, ಕಟ್ಟೆಯ ಮೇಲೆ ಕೂಡುವಂತಿಲ್ಲ. ಬಲಗಡೆ ನೀರು ಕೆಂಪಗಾಗುತ್ತಿದ್ದಂತೆ, ಇನ್ನೇನು ಏನೋ ಆಗುತ್ತದೆ ಎಂಬ ಹೊತ್ತಿಗೆ ಸರಿಯಾಗಿ ವಿಸಲ್. "ಅಬೌಟ್ ಟರ್ನ್, ಗರ್ಲ್ಸ್!" ಆರಕ್ಕೆ ಚಾಪೆಲಿನಲ್ಲಿ ಏಂಜೆಲಸ್ ಗಂಟೆ ಬಾರಿಸುತ್ತಿತ್ತು, ಅಷ್ಟರೊಳಗೆ ಎಲ್ಲರೂ ಮೊಣಕಾಲೂರಿರಬೇಕು. ನನಗೆ ಆ ಪ್ರಾರ್ಥನೆ ಕಡ್ಡಾಯವೇನಲ್ಲ, ಆದರೆ ಸಾಲಿನಿಂದ ಒಬ್ಬಳನ್ನು ಬಿಟ್ಟು ಬರುವಂತಿಲ್ಲವಲ್ಲ.

ನನ್ನ ಬೆಂಚಿನಲ್ಲಿ ಕೂಡುತ್ತಿದ್ದ ಒಬ್ಬಳು ಡೇ ಸ್ಕಾಲರ್, ಮನೆಯಿಂದ ಬರುವವಳು. ಅವಳ ಮನೆಯವರು ರವಿವಾರ ರವಿವಾರ ಟ್ಯಾಂಕ್ ಬಂಡಿಗೆ ಹೋಗಿ ಕತ್ತಲಾಗುವವರೆಗೆ ಕೂತು ಬರುತ್ತಿದ್ದರು. ಒಂದು ಸೋಮವಾರ ಅವಳು ಹೇಳಿದಳು: "ಯು ಬೋರ್ಡರ್ಸ್, ಪೂವರ್ ಥಿಂಗ್ಸ್. ಮೇನ್ ಪಾರ್ಟ್ ನೀವು ನೋಡೋದೇ ಇಲ್ಲ. ಲೈಟ್ಸ್ ಬರ್ತಾವೆ ನೋಡು, ಆಗ ನೀರೊಳಗೆ ಇನ್ನೊಂದು ಊರು ಹುಟ್ಟುತ್ತೆ, ತಲೆಕೆಳಗಾಗಿ."

ಏಳು ವರ್ಷ ಆ ನೀರಿನ ಪಕ್ಕ ನಡೆದೆ. ಆ ಇನ್ನೊಂದು ಊರು ಒಮ್ಮೆಯೂ ನನ್ನೆದುರು ಹುಟ್ಟಲಿಲ್ಲ.

ಮದುವೆಯಾಗಿ ಹುಮನಾಬಾದಿಗೆ ಬಂದೆ. ನಮ್ಮವರದು ಬಜಾರಿನಲ್ಲಿ ಬಟ್ಟೆ ಅಂಗಡಿ. ಮಾಲು ತರಲು ಅವರು ಹೈದರಾಬಾದಿಗೆ ಹೋಗುತ್ತಿದ್ದರು. ಒಮ್ಮೆ ನನ್ನ ಒತ್ತಾಯಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಖರೀದಿ ಮುಗಿಸಿ, ಗಂಟುಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರ ಹತ್ತಿರ ಇರಿಸಿ, ರಿಕ್ಷಾದಲ್ಲಿ ಟ್ಯಾಂಕ್ ಬಂಡಿಗೆ ಬಂದೆವು. ಮೊದಲ ಸಲ ನಾನು ಆ ಕಟ್ಟೆಯ ಮೇಲೆ ಕೂತೆ. ಕಲ್ಲು ಇನ್ನೂ ಬಿಸಿ ಇತ್ತು. ನಮ್ಮವರು ಪೊಟ್ಟಣ ಬಿಚ್ಚಿ ಶೇಂಗಾ ಸುಲಿದು ಸುಲಿದು ನನ್ನ ಕೈಯಲ್ಲಿ ಹಾಕುತ್ತಿದ್ದರು, ಕಣ್ಣು ಮಾತ್ರ ಗಡಿಯಾರದ ಮೇಲೆ.

"ಇಲ್ಲಿ ಏನ್ ನೋಡಬೇಕಂತಿ ನೀ?" ಎಂದರು.

"ಲೈಟ್ ಹತ್ತೂದು ನೋಡಬೇಕ್ರಿ."

"ಲೈಟ್ ಹತ್ತೂದು ನೋಡಾಕ ಹೈದ್ರಾಬಾದಿಗೆ ಬರಬೇಕೇನ? ನಮ್ಮ ಅಂಗಡಿ ಸ್ವಿಚ್ ನಿನ್ನ ಕೈಯಾಗ ಕೊಡ್ತೀನಿ, ದಿನಾ ಹಚ್ಚು, ದಿನಾ ನೋಡು."

ನಕ್ಕೆ. ಅವರೂ ನಕ್ಕರು. ಆಮೇಲೆ ಎದ್ದು ಧೋತರ ಝಾಡಿಸಿದರು. ಕೊನೆಯ ಬಸ್ಸು ಐದೂವರೆಗೆ. "ಮುಂದಿನ ಸಲ ಒಂದಿನ ವಸ್ತಿ ಉಳಿಯೋಣು, ಖರೇನ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಅಂಗಡಿ, ಅತ್ತೆಯವರ ಕಾಯಿಲೆ, ಮಕ್ಕಳ ಶಾಲೆ. ಮುಂದಿನ ಸಲ ಎಂಬುದು ಮುಂದೆ ಮುಂದೆ ಹೋಗುತ್ತಲೇ ಇತ್ತು.

ಆ ಮಾತನ್ನು ಅವರು ಮರೆತಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. ನಮ್ಮ ಮನೆ ಅಂಗಡಿಯ ಹಿಂದೆಯೇ. ಸಂಜೆ ಅಂಗಡಿಯ ಎರಡು ಟ್ಯೂಬ್‌ಲೈಟ್ ಹಚ್ಚುವ ಮುಂಚೆ ಒಳಬಾಗಿಲ ಹತ್ತಿರ ಬಂದು ಗಿರಾಕಿಗಳಿಗೆ ಕೇಳದ ಹಾಗೆ ಕರೆಯುತ್ತಿದ್ದರು: "ಮೇಡಮ್, ಬರ್ರಿ, ನಿಮ್ಮ ಟ್ಯಾಂಕ್ ಬಂಡ್ ರೆಡಿ ಅದ." ನನ್ನ ಕೈಯಲ್ಲಿ ಹಿಟ್ಟಿರಲಿ, ಕೂಸಿರಲಿ, ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ಟ್ಯೂಬು ಫಟ್ಟನೆ ಹತ್ತುತ್ತಿತ್ತು. ಇನ್ನೊಂದು ಹತ್ತಲೋ ಬೇಡವೋ ಎಂದು ನಾಲ್ಕೈದು ಸಲ ಕಣ್ಣು ಪಿಳುಕಿಸುತ್ತಿತ್ತು. ಅವರು ಹೋಗಿ ಒಂಬತ್ತು ವರ್ಷವಾಯಿತು. ಸಿಲ್ಲಿ ಅನ್ನಿ ಬೇಕಾದರೆ, ಈಗಲೂ ಆ ಹೊತ್ತಿಗೆ ನಾನು ಒಳಬಾಗಿಲ ಕಡೆ ಒಮ್ಮೆ ನೋಡುತ್ತೇನೆ.

ಇನ್ನು ನಮ್ಮ ನಾದಿನಿ. ನಮ್ಮವರ ಅಕ್ಕ, ನನಗಿಂತ ಆರು ವರ್ಷ ದೊಡ್ಡವರು. ಘಾಟಬೋರಾಳದ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಬಸವಕಲ್ಯಾಣದಲ್ಲಿ ಮಗಳ ಮನೆಯ ಪಕ್ಕದಲ್ಲೇ ಎರಡು ಖೋಲಿ ಮಾಡಿಕೊಂಡಿದ್ದಾರೆ. ಶಾಲೆಯ ಮುಖ ನೋಡಿದವರಲ್ಲ, ಆದರೆ ಅವರ ದಿನಚರಿ ನನ್ನ ಕಾನ್ವೆಂಟಿಗಿಂತ ಸ್ಟ್ರಿಕ್ಟ್. ಹೊತ್ತು ಮುಳುಗಿದ ಮೇಲೆ ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಒಂದು ಹನಿ ನೀರೂ ಬಾಯಿಗೆ ಹಾಕುವುದಿಲ್ಲ. ಎಲ್ಲಿಗೆ ಹೋದರೂ ಪೂಜೆಗೆಂದು ಮನೆಯ ನೀರಿನದೊಂದು ಬಾಟಲಿ, ಅದರ ಕೊರಳಿಗೆ ಕೆಂಪು ದಾರ. ನಾನೂ ಲಿಂಗ ಕಟ್ಟಿಕೊಂಡವಳೇ, ಆದರೆ ನನ್ನ ಪೂಜೆ ಮುಂಜಾನೆ ಐದು ನಿಮಿಷ. ಅದಕ್ಕೇ ಅವರು ನನ್ನನ್ನು ಕರೆಯುವುದು "ಕಾನ್ವೆಂಟವ್ವ" ಅಂತ. ನಾನು ಅವರನ್ನು ಅಕ್ಕಾರ ಅನ್ನುತ್ತೇನೆ.

ಎರಡು ಚಳಿಗಾಲದ ಹಿಂದೆ ಅಕ್ಕಾರ ಮೊಣಕಾಲು ಬಾತುಕೊಂಡಿತು. ಹೈದರಾಬಾದಿನಲ್ಲಿ ತೋರಿಸುವುದೆಂದಾಯಿತು. ಜೊತೆಗೆ ಇಂಗ್ಲಿಷ್ ಬಲ್ಲವರು ಬೇಕು ಎಂದು ನನ್ನನ್ನು ಕರೆದರು. ನಾನು ಕೂಡಲೇ ಒಪ್ಪಿದ್ದು ಅವರ ಮೊಣಕಾಲಿಗಾಗಿ ಮಾತ್ರ ಎಂದು ಹೇಳಿದರೆ ಸುಳ್ಳಾದೀತು. ತಿರುಗಿ ಬರುವ ಬಸ್ಸಿಗೆ ರಾತ್ರಿ ಎಂಟರದ್ದೇ ಟಿಕೆಟ್ ಮಾಡಿಸಿದವಳು ನಾನು.

ಮುಂಜಾನೆ ಬಸ್ಸಿನಲ್ಲಿ, ಜಹೀರಾಬಾದ್ ದಾಟಿದ ಮೇಲೆ, ನಾನು ಅರೆನಿದ್ದೆಯಲ್ಲಿ ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದು ಎರಡು ಗುಟುಕು ಕುಡಿದೆ, ಬಾಯಿ ಹಚ್ಚಿ. ಮುಚ್ಚಳ ಹಾಕುವಾಗ ಬೆರಳಿಗೆ ದಾರ ತಾಗಿತು. ಕೆಂಪು ದಾರ. ಅಕ್ಕಾರು ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಮಲಗಿದ್ದರು. ಎಬ್ಬಿಸಿ ಹೇಳಬೇಕಿತ್ತು. ಸುಮ್ಮನೆ ಇದ್ದ ಜಾಗದಲ್ಲೇ ಇಟ್ಟೆ. ಆಮೇಲೆ ಹೇಳೋಣ, ಬೇರೆ ನೀರು ಎಲ್ಲಿಯಾದರೂ ಸಿಗುತ್ತದೆ ಎಂದುಕೊಂಡೆ. ಕಾನ್ವೆಂಟಿನಲ್ಲಿ ಶನಿವಾರ ಕೆಥೊಲಿಕ್ ಹುಡುಗಿಯರು ಕನ್ಫೆಶನ್ನಿಗೆ ಸಾಲು ನಿಲ್ಲುತ್ತಿದ್ದರು. ನಮಗೆ ಅದು ಇರಲಿಲ್ಲ. ನಮ್ಮ ತಪ್ಪುಗಳೆಲ್ಲ ನಮ್ಮ ಹತ್ತಿರವೇ ಉಳಿಯುತ್ತಿದ್ದವು.

ಡಾಕ್ಟರು ನೋಡಿ, ಎಕ್ಸ್‌ರೇ ತೆಗೆಸಿ, ಮೆಟ್ಟಿಲು ಹತ್ತಬೇಡಿ, ನೆಲದ ಮೇಲೆ ಕೂಡಬೇಡಿ ಎಂದು ಗುಳಿಗೆ ಬರೆದು ಕೊಟ್ಟಾಗ ನಾಲ್ಕು ಗಂಟೆ. ನಾನು ಆಟೋದವನಿಗೆ ಟ್ಯಾಂಕ್ ಬಂಡ್ ಎಂದೆ.

"ಅಲ್ಲಿ ಏನದ?" ಅಕ್ಕಾರು ಕೇಳಿದರು.

"ಕೆರಿ ಅದರಿ. ದಂಡಿ ಮ್ಯಾಲ ಕುಂತು ಹವಾ ತಗೊಂಡು ಹೋಗೋಣ್ರಿ."

"ಕಲ್ಯಾಣದಾಗ ತ್ರಿಪುರಾಂತ ಕೆರಿ ಬಿಟ್ಟು, ಕೆರಿ ನೋಡಾಕ ಇಷ್ಟು ದೂರ ಬಂದೇವೇನ ನಾವು?"

ಬಂಡಿನ ಮೇಲೆ ಈಗ ಅಗಲವಾದ ಫುಟ್‌ಪಾತು, ಬೆಂಚುಗಳು, ಹೂವಿನ ಕುಂಡಗಳು. ನೀರಿನ ನಡುವೆ ಒಂದು ದೊಡ್ಡ ಬಿಳಿಯ ಮೂರ್ತಿ, ನಮ್ಮ ಕಾಲದಲ್ಲಿ ಅದು ಇರಲಿಲ್ಲ. ಆಚೆ ದಂಡೆಯಲ್ಲಿ ಆಗ ಇದ್ದ ಮರಗಳ ಜಾಗದಲ್ಲಿ ಕಟ್ಟಡಗಳು ಎತ್ತರ ತಗ್ಗಾಗಿ ನಿಂತು ಒಂದು ಸ್ಕೈಲೈನ್ ಆಗಿತ್ತು. ಮಂದಿ ಅದಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯುತ್ತಿದ್ದರು. ನಮಗೆ ಒಂದು ಬೆಂಚು ಸಿಕ್ಕಿತು. ಅಕ್ಕಾರು ಮೂರ್ತಿಗೆ ಕೈಮುಗಿದರು. ಆಮೇಲೆ, "ನಮ್ಮ ಕಲ್ಯಾಣದ ಮೂರ್ತಿ ಇದಕಿಂತ ದೊಡ್ಡದದ" ಎಂದರು.

"ಹೌದ್ರಿ, ದೊಡ್ಡದದ."

"ನೀರು ವಾಸನಿ ಬರಾಕತ್ತದ."

"ಸ್ವಲ್ಪ ಬರ್ತದ್ರಿ."

"ಮತ್ತ ಈ ಮಂದೆಲ್ಲಾ ಏನ್ ನೋಡಾಕ ಬಂದಾರ?"

ಆಗ ಅವರಿಗೆ ಎಲ್ಲವನ್ನೂ ಹೇಳಿದೆ. ವಿಸಲ್, ಅಬೌಟ್ ಟರ್ನ್, ಐದೂವರೆಯ ಬಸ್ಸು, ಅವರ ತಮ್ಮ ಸುಲಿದುಕೊಟ್ಟ ಶೇಂಗಾ. ಅಂಗಡಿಯ ಟ್ಯೂಬ್‌ಲೈಟಿನ ಮಾತು ಬಂದಾಗ ಅಕ್ಕಾರು ಸೆರಗಿನಿಂದ ಮೂಗು ಒರೆಸಿಕೊಂಡು, "ಅವ ಸಣ್ಣಾಂವ ಇದ್ದಾಗಿಂದ್ಲೂ ಹಂಗ, ಚಾಷ್ಟಿಖೋರ" ಎಂದರು. ಆಮೇಲೆ, "ಹಂಗಾರ ಇವತ್ತ ನೋಡೇ ಹೋಗು ನೀ" ಎಂದರು.

ಸೂರ್ಯ ಕಟ್ಟಡಗಳ ಹಿಂದೆ ಇಳಿದ. ನೀರು ಮೊದಲು ಕೆಂಪಾಗಿ, ಆಮೇಲೆ ತಾಮ್ರದ ಹಂಡೆಯ ಬಣ್ಣ, ಆಮೇಲೆ ಬೂದಿ. ನಾನು ಕನ್ನಡಕ ಒರೆಸಿಕೊಂಡು ಕೂತೆ. ಅರವತ್ತು ವರ್ಷದ ಮೇಲೆ ವಿಸಲ್ ಊದುವವರು ಯಾರೂ ಇರಲಿಲ್ಲ.

ಪಕ್ಕದಲ್ಲಿ ಚೀಲದ ಜಿಪ್ ಸದ್ದಾಯಿತು. ಅಕ್ಕಾರು ಪೂಜೆಗೆ ಅಣಿಯಾಗುತ್ತಿದ್ದರು. ಬೆಂಚಿನ ಮೇಲೆ ಮಡಿವಸ್ತ್ರ ಹಾಸಿ, ವಿಭೂತಿಯ ಡಬ್ಬಿ ಇಟ್ಟು, ನಾಲ್ಕು ಪತ್ರಿ ಇಟ್ಟು, ಕೆಂಪು ದಾರದ ಬಾಟಲಿ ತೆಗೆದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ಗುಟುಕು ನೀರು. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಅವರು ಮುಚ್ಚಳ ತಿರುವಿದರು.

"ನಿಲ್ರಿ ಅಕ್ಕಾರ," ಎಂದೆ. "ಆ ನೀರಿಗೆ ನಾ ಬಾಯಿ ಹಚ್ಚೀನ್ರಿ. ಬಸ್ಸಿನ್ಯಾಗ. ಗೊತ್ತಾಗಲಿಲ್ಲ."

ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. "ಎತ್ತಿ ಕುಡ್ಯಾಕ ಬರೂದಿಲ್ಲೇನ ನಿನಗ? ಅರವತ್ತು ವರ್ಷ ಆತು, ಇನ್ನಾ ಆ ಸಿಸ್ಟರಗೋಳ ಅಂಜಿಕಿ ಹೋಗಿಲ್ಲೇನ?"

"ತಪ್ಪಾತ್ರಿ. ಬ್ಯಾರೆ ತರ್ತೀನಿ. ಸೀಲ್ ಇದ್ದದ್ದು ನಡೀತದಲ್ರಿ?"

"ನಡೀತದ. ಆದ್ರ ನೀ ಕುಂದ್ರು. ಮನಿಗಿ ಹೋಗಿ ಮಾಡ್ಕೋತೀನಿ ಪೂಜಿ. ನೀ ದೀಪಾ ನೋಡು."

ಮನೆ ಮುಟ್ಟುವುದು ನಡುರಾತ್ರಿ. ಮಧ್ಯಾಹ್ನ ಎರಡು ರೊಟ್ಟಿ ತಿಂದವರು, ಗುಳಿಗೆ ಬೇರೆ ನುಂಗಬೇಕು, ಎಂಬತ್ತು ವಯಸ್ಸು. ಅವರು ನಿಜಕ್ಕೂ ನನಗಾಗಿ ಬಿಟ್ಟುಕೊಟ್ಟಿದ್ದರು. ಅದನ್ನು ಒಪ್ಪಿಕೊಂಡು ಕೂತುಬಿಡುವ ಆಸೆ ನನಗೆ ಎಷ್ಟಿತ್ತೆಂದರೆ, ಎದ್ದು ನಿಂತ ಮೇಲೂ ನೀರಿನ ಕಡೆಯೇ ಮುಖ ಮಾಡಿದ್ದೆ. ಆಮೇಲೆ ಹೋದೆ.

ಹತ್ತಿರದ ತಿನಿಸಿನ ಗಾಡಿಯವನು, "ಪಾನಿ ಖತಂ ಅಮ್ಮಾ, ನೀಚೆ ದುಕಾನ್ ಮೇ ಮಿಲ್ತಾ" ಎಂದ. ಶನಿವಾರದ ರಷ್ಷು. ನೀಚೆ ಎಂದರೆ ಬಂಡಿನ ಇನ್ನೊಂದು ಮಗ್ಗುಲು, ಕೆರೆಯ ಏರಿಯ ಕೆಳಗೆ. ರಸ್ತೆ ದಾಟಿ, ಮೆಟ್ಟಿಲುಗಳನ್ನು ಗೋಡೆ ಹಿಡಿದು ಹಿಡಿದು ಇಳಿದೆ. ಒಂದೊಂದು ಮೆಟ್ಟಿಲಿಗೂ ಆಕಾಶ ಸ್ವಲ್ಪ ಸ್ವಲ್ಪವೇ ಏರಿಯ ಹಿಂದೆ ಹೋಯಿತು. ಕೆಳಗೆ ನಿಂತರೆ ಕೆರೆ ಇದೆಯೆಂಬುದೇ ಗೊತ್ತಾಗುವುದಿಲ್ಲ; ಟೈರಿನ ಅಂಗಡಿ, ಬೇಕರಿ, ಮೆಡಿಕಲ್ಲು. ಬೇಕರಿಯಲ್ಲಿ ನನ್ನ ಮುಂದೆ ಐದಾರು ಮಂದಿ. ಒಬ್ಬಾಕೆ ಬರ್ತ್‌ಡೇ ಕೇಕಿನ ಮೇಲೆ ಹೆಸರು ಬರೆಸುತ್ತಿದ್ದಳು, ಬರೆದದ್ದು ಸರಿಬರದೆ ಅಳಿಸಿ ಮತ್ತೆ ಬರೆಸಿದಳು. ನಾನು "ಜಸ್ಟ್ ಒನ್ ವಾಟರ್ ಬಾಟಲ್, ಪ್ಲೀಸ್" ಎಂದು ಎರಡು ಸಲ ಹೇಳಿದೆ. ಯಾರೂ ತಿರುಗಲಿಲ್ಲ.

ಆಗ ಬೇಕರಿಯ ಹೊರಗಿನ ಬೀದಿದೀಪ ಹತ್ತಿತು. ಒಂದು ಹಳದಿ ದೀಪ, ನನ್ನ ತಲೆಯ ಮೇಲೆಯೇ. ಹಿಂದೆಯೇ ಅದರಾಚೆಯದು, ಅದರಾಚೆಯದು.

ಬಾಟಲಿ ತೆಗೆದುಕೊಂಡು ಸಾವಕಾಶ ಮೆಟ್ಟಿಲು ಹತ್ತಿದೆ. ಅವಸರ ಯಾತಕ್ಕಿನ್ನು. ಮೇಲೆ ಬಂದಾಗ ಆಚೆ ದಂಡೆ ಪೂರ್ತಿ ಬೆಳಗುತ್ತಿತ್ತು, ನೀರೊಳಗಿನ ಊರು ತಲೆಕೆಳಗಾಗಿ ಅಲುಗಾಡುತ್ತಿತ್ತು. ಚೆಂದವಿತ್ತು. ಆದರೆ ಹೆರಿಗೆಯಾಗಿ, ತೊಳೆದು, ಬಟ್ಟೆ ಸುತ್ತಿ ಮಲಗಿಸಿದ ಮೇಲೆ ಕೂಸನ್ನು ನೋಡಲು ಬಂದವಳ ಹಾಗಾಯಿತು ನನಗೆ. ಅಕ್ಕಾರಿಗೆ ಗಾಳಿ ತಾಗದಂತೆ, ಮಂದಿಯ ಕಣ್ಣು ಬೀಳದಂತೆ ಸೆರಗು ಹಿಡಿದು ನಿಂತೆ. ಅವರು ಪೂಜೆ ಮುಗಿಸಿ ನೀರು ಕುಡಿದರು, ಎತ್ತಿ. ಕೇಳದಿರಲು ನನ್ನಿಂದ ಆಗಲಿಲ್ಲ.

"ಹ್ಯಾಂಗ ಹತ್ತಿದ್ವುರೀ ಅಕ್ಕಾರ, ದೀಪ?"

"ಹತ್ತಿದ್ವು," ಎಂದರು. "ಎಲ್ಲಾ ಕಡಿ ಹತ್ತಿದಂಗ ಹತ್ತಿದ್ವು."

ಅಷ್ಟೇ. ಅರವತ್ತು ವರ್ಷ ಕಾದ ದೃಶ್ಯಕ್ಕೆ ಸಿಕ್ಕ ಒಬ್ಬಳೇ ಒಬ್ಬ ಐ-ವಿಟ್ನೆಸ್, ಅವಳ ಹೇಳಿಕೆ ಇಷ್ಟು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ನನಗೆ ಸಿಟ್ಟು ಬಂದಿತ್ತೆಂದು ಅವರಿಗೆ ತಿಳಿದಿರಬೇಕು. ಆ ಮೇಲಿನ ತಿಂಗಳುಗಳಲ್ಲಿ ಇಬ್ಬರೂ ಆ ಸಂಜೆಯ ಮಾತೆತ್ತಲಿಲ್ಲ.

ಹೋದ ತಿಂಗಳು ಅಕ್ಕಾರನ್ನು ನೋಡಿ ಬರಲು ಕಲ್ಯಾಣಕ್ಕೆ ಹೋಗಿದ್ದೆ. ಈಗ ಕೋಲು ಹಿಡಿದೇ ನಡೆಯುತ್ತಾರೆ. ಸಂಜೆ ಅವರೇ, "ನಡಿ, ಕೆರಿಗಿ ಹೋಗಿ ಬರೋಣು" ಎಂದರು. ಆಟೋದಲ್ಲಿ ತ್ರಿಪುರಾಂತ ಕೆರೆಗೆ ಹೋದೆವು. ದಂಡೆಯ ಕಟ್ಟೆಯ ಮೇಲೆ ಕೂತೆವು. ಸ್ಕೈಲೈನ್ ಅನ್ನುವಂಥದ್ದು ಅಲ್ಲಿ ಏನಿದೆ. ಆಚೆ ಕಡೆ ತಗ್ಗು ಮನೆಗಳು, ಒಂದೆರಡು ಮೊಬೈಲ್ ಟವರು, ಬೇವಿನ ಮರಗಳು. ನನ್ನ ಹುಮನಾಬಾದಿನ ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಅವರ ಚೀಲದಲ್ಲಿ ಕೆಂಪು ದಾರದ ಬಾಟಲಿ ಕಂಡೆ. ಎದ್ದು ನಿಂತೆ.

"ನಾ ಬಸ್‌ಸ್ಟ್ಯಾಂಡಿಗೆ ಹೋಗ್ತೀನ್ರಿ ಅಕ್ಕಾರ. ನಿಮ್ಮ ಪೂಜಿ ಹೊತ್ತಾತು."

"ಕುಂದ್ರು," ಎಂದರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ನೀರಿನ ಕಡೆ ನೋಡುತ್ತಲೇ ಹೇಳತೊಡಗಿದರು.

"ಅವತ್ತ ಮೊದಲ ಒಂದ ಹತ್ತಿತ್ತು. ಬಲಕ್ಕ, ಒಂದ್ ಎತ್ತರ ಬಿಲ್ಡಿಂಗ್ ಇತ್ತು ನೋಡು, ಅದರ ನಡಕ. ಸಣ್ಣ ಖಿಡಕಿ. ಅದು ಯಾರದೋ ಅಡಗಿಮನಿ. ಸಂಜಿಮುಂದ ಹೆಣ್ಮಕ್ಕಳು ಮೊದಲ ಹಚ್ಚೂದ ಅಲ್ಲಿ. ಆಮ್ಯಾಲ ಅದರ ಬಾಜು ಒಂದು, ಕೆಳಗ ಎರಡು. ಎಲ್ಲಾ ಅಡಗಿಮನೀನ. ಇಷ್ಟು ಮಂದಿ ಇಷ್ಟ ಎತ್ತರದಾಗ ಒಲಿ ಹಚ್ಚತಾರಲ್ಲ ಅಂತ ನೋಡಾಕತ್ತಿದ್ದೆ. ನೀರಾಗೂ ಬಂತು, ಒಂದೊಂದ ಒಂದೊಂದ, ಜ್ವಾಳದ ಕಾಳು ಬಿದ್ದಂಗ."

ನಾನು ಮತ್ತೆ ಅವರ ಪಕ್ಕ ಕೂತೆ. "ಮುಂದ್ರಿ? ರಸ್ತಾದ್ದು ಎಲ್ಲಾ ಒಮ್ಮೆಲೇ ಹತ್ತಿದ್ವೇನ್ರಿ?"

"ಅದು ಗೊತ್ತಿಲ್ಲ."

"ಯಾಕ್ರಿ?"

"ನಾಕ್ ಹತ್ತಿದ್ವಲ್ಲ, ನಿನಗ ತೋರ್ಸಬೇಕಂತ ತಿರಿಗಿ ನೋಡಿದೆ. ನೀ ಎಲ್ಲಿದ್ದಿ? ನೀ ಇಳದು ಹೋದ ಮೆಟ್ಟಲ ಕಡೀನ ಮಾರಿ ಮಾಡಿ ಕುಂತೆ. ಈಗ ಬರ್ತಾಳ, ಈಗ ಬರ್ತಾಳ ಅಂತ. ನೀ ಬಂದಾಗ ನಿನ್ನ ಮಾರಿ ಮ್ಯಾಲ ಬೆಳಕು ಬಿದ್ದಿತ್ತು. ಆವಾಗ ಗೊತ್ತಾತು, ಎಲ್ಲಾ ಹತ್ಯಾವ ಅಂತ. ನಾನೂ ನೋಡಲಿಲ್ಲ, ನೀನೂ ನೋಡಲಿಲ್ಲ. ಏನಂತ ಹೇಳಬೇಕಿತ್ತು ನಾ?"

ಅವರ ಕೈ ಹಿಡಿದುಕೊಂಡೆ, ರವಿವಾರದ ಸಾಲಿನಲ್ಲಿ ಪಕ್ಕದವಳ ಕೈ ಹಿಡಿಯುತ್ತಿದ್ದ ಹಾಗೆ.

ಕೆರೆಯ ನೀರು ಬೂದಿಯಾಗುತ್ತಿತ್ತು. ಅಕ್ಕಾರು ಚೀಲದಿಂದ ಬಾಟಲಿ ತೆಗೆದು ನಮ್ಮಿಬ್ಬರ ನಡುವೆ ಇಟ್ಟರು, ಮುಚ್ಚಳ ತೆಗೆಯಲಿಲ್ಲ.

"ಪೂಜಿ ಆಮ್ಯಾಲ," ಎಂದರು. "ಬಸ್ಸು ಹೋದ್ರ ಹೋಗಲಿ, ನಮ್ಮಲ್ಲೆ ವಸ್ತಿ ಇರು. ಆ ಕಡಿ ನೋಡು, ಬೇವಿನ ಗಿಡದ ಎಡಕ್ಕ. ಅಲ್ಲೊಂದು ಮನಿ ಅದ, ಆಕಿ ದಿನಾ ಎಲ್ಲಾರಕಿಂತ ಮೊದಲ ಹಚ್ಚತಾಳ. ಮತ್ತ ಈ ಕಡಿ ಆ ಕಡಿ ನೋಡಬ್ಯಾಡ."

ನಾನು ಬೇವಿನ ಗಿಡದ ಎಡಕ್ಕೆ ನೋಡುತ್ತ ಕೂತೆ. ಅಲ್ಲಿನ್ನೂ ಕತ್ತಲೆಯೇ ಇತ್ತು.